ನೆಲಕ್ಕೆಸೆದ ಕಾಸು

ಹೋದ ವರ್ಷ ಏಪ್ರಿಲ್ಲಿನಲ್ಲಿ ನಮ್ಮ ರಾಜಗೋಪಾಲನಗರದ ಒಂದು ಅಡ್ಡರಸ್ತೆಯಲ್ಲಿ ಬಾಬಾಸಾಹೇಬರ ಜಯಂತಿ ನಡೆಯಿತು. ಶಾಮಿಯಾನ, ನೀಲಿ ಬಾವುಟ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಆರ್ಕೆಸ್ಟ್ರಾ. ಪೀಣ್ಯ ಎರಡನೇ ಹಂತದ ಲೇತು, ಪ್ಲೇಟಿಂಗು, ಪೌಡರ್ ಕೋಟಿಂಗಿನ ಶೆಡ್ಡುಗಳಿಂದ ಶಿಫ್ಟು ಮುಗಿಸಿ ಬಂದ ಹುಡುಗರು, ಗಾರ್ಮೆಂಟ್ಸಿನಿಂದ ಬಂದು ಮುಖ ತೊಳೆದು ಸೀರೆ ಬದಲಾಯಿಸಿ ಮಕ್ಕಳನ್ನು ಎತ್ತಿಕೊಂಡು ಬಂದ ಹೆಂಗಸರು, ಎಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಎರಡು ಹಾಡಿನ ಮಧ್ಯೆ ನನ್ನನ್ನು ಕರೆದು, ‘ನಮ್ಮ ಏರಿಯಾದ ಕವಿ, ಬಿ.ಎ. ಮಾಡಿದ್ದಾರೆ’ ಅಂತ ಪರಿಚಯ ಹೇಳಿ ಮೈಕು ಕೊಟ್ಟರು. ನಾನು ಪ್ಲೇಟಿಂಗ್ ಶೆಡ್ಡಿನ ಆಸಿಡ್ಡಿನಲ್ಲಿ ಕೈ ಸುಟ್ಟುಕೊಂಡವನ ಬಗ್ಗೆ ಒಂದು ಪದ್ಯ ಓದಲು ಶುರು ಮಾಡಿದೆ. ನಾಲ್ಕು ಸಾಲು ಆಗಿರಲಿಲ್ಲ, ಹಿಂದಿನಿಂದ ಒಬ್ಬ ಕೂಗಿದ: ‘ಭಾಷಣ ಸಾಕು ಗುರೂ, ಹಾಡು ಹಾಕ್ಸು. ಚಂದಾ ಕೊಟ್ಟಿದೀವಿ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಪದ್ಯ ಮುಗಿಸದೆ ಕೆಳಗಿಳಿದೆ.

ಆಮೇಲೆ ಹಾಡುವ ಹುಡುಗಿ ಬಂದು, ಮೊದಲು ಶಾಮಿಯಾನದ ಖರ್ಚು ಕೊಟ್ಟ ಮುಖಂಡರ ಹೆಸರು ಹೇಳಿ, ಅವರು ಬಡವರ ಬಂಧು, ಮುಂದಿನ ಸಲ ಅವರೇ ಗೆದ್ದು ಬರಲಿ ಅಂತ ಹಾರೈಸಿ ಹಾಡು ಎತ್ತಿಕೊಂಡಳು. ಅದಕ್ಕೆ ಯಾರೂ ‘ಭಾಷಣ ಸಾಕು’ ಅನ್ನಲಿಲ್ಲ. ಶಿಳ್ಳೆ ಹೊಡೆದರು. ರಾತ್ರಿ ಮನೆಗೆ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕೈ ಸುಟ್ಟುಕೊಂಡವನ ಸುದ್ದಿ ರಾಜಕೀಯ, ಶಾಮಿಯಾನದ ಯಜಮಾನನ ಹೊಗಳಿಕೆ ಮನರಂಜನೆ. ಈ ವಿಂಗಡಣೆ ಮಾಡಿದವರು ಯಾರು? ಕೂಗಿದವನು ಪರಕೀಯನಲ್ಲ, ನಮ್ಮವನೇ. ಅವನ ಬಾಯಲ್ಲಿ ಈ ಮಾತು ಇಟ್ಟವರು ಯಾರು?

ಗೆಳೆಯರೆ, ಈ ಪ್ರಶ್ನೆಯನ್ನು ನನ್ನ ಒಬ್ಬನ ಅವಮಾನದ ಪ್ರಶ್ನೆಯಾಗಿ ನೋಡಬೇಡಿ. ಕಾಸು ಕೊಟ್ಟು ನೋಡಲು ಬಂದವರ ಮುಂದೆ ನಗಿಸುವವನು, ಹಾಡುವವನು, ಕುಣಿಯುವವನು ತನ್ನ ರಾಜಕೀಯ ಅಭಿಪ್ರಾಯ ಹೇಳಬಹುದೇ ಅನ್ನುವುದು ಇವತ್ತು ದೇಶದ ದೊಡ್ಡ ದೊಡ್ಡ ಸಭಾಂಗಣಗಳ ಜಗಳವಾಗಿದೆ. ‘ನಗಿಸೋಕೆ ದುಡ್ಡು ಕೊಟ್ಟಿದ್ದೀವಿ, ಪಾಠ ಹೇಳೋಕಲ್ಲ’ ಅನ್ನುವುದು ಒಂದು ಕಡೆಯ ವಾದ. ‘ಕಲಾವಿದನಿಗೆ ಅಭಿವ್ಯಕ್ತಿ ಸ್ವಾತಂತ್ರ್ಯ ಇದೆ’ ಅನ್ನುವುದು ಇನ್ನೊಂದು ಕಡೆಯ ವಾದ. ಎರಡೂ ಕಡೆಯವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಆ ಕಾಸನ್ನು ಹೇಗೆ ಕೊಟ್ಟರು? ಕೈಗೆ ಕೊಟ್ಟರೋ, ನೆಲಕ್ಕೆಸೆದರೋ?

2021ರ ನವೆಂಬರ್ ಕೊನೆಯ ಒಂದು ವಾರವನ್ನು ನೆನಪು ಮಾಡಿಕೊಳ್ಳಿ. ಈ ನಮ್ಮ ಬೆಂಗಳೂರಿನಲ್ಲೇ, ಏಳು ದಿನದ ಒಳಗೆ ಮೂರು ಘಟನೆ ನಡೆದವು.

ಮೊದಲನೆಯದು ಹಂಸಲೇಖ ಅವರದ್ದು. ‘ಪ್ರೇಮಲೋಕ’ದ ಕಾಲದಿಂದ ಮೂರು ತಲೆಮಾರಿನ ಬಾಯಿಗೆ ಹಾಡು ಕೊಟ್ಟವರು, ಟೀವಿಯಲ್ಲಿ ಮನೆಮನೆಯ ಮಹಾಗುರು. ಮೈಸೂರಿನ ಒಂದು ಸಮಾರಂಭದಲ್ಲಿ ಅವರು ತೀರಿಹೋಗಿದ್ದ ಪೇಜಾವರ ಮಠದ ಸ್ವಾಮಿಗಳ ದಲಿತಕೇರಿ ಭೇಟಿಯ ಮಾತು ಎತ್ತಿದರು. ಕೇರಿಗೆ ಹೋದರು, ಸರಿ, ಅಲ್ಲಿ ಕೋಳಿಯನ್ನೋ ಕುರಿಯ ರಕ್ತದ ಹುರುಕನ್ನೋ ಬಡಿಸಿದ್ದರೆ ಉಣ್ಣುತ್ತಿದ್ದರಾ ಅಂತ ಕೇಳಿದರು. ದಲಿತರ ಮನೆಗೆ ಹೋಗುವುದು ದೊಡ್ಡದಲ್ಲ, ದಲಿತರನ್ನು ತಮ್ಮ ಮನೆಗೆ ಕರೆಯುವುದು ದೊಡ್ಡದು ಅನ್ನುವುದು ಆ ಮಾತಿನ ತಿರುಳು. ಇದು ನಮ್ಮ ಕೇರಿಗಳಲ್ಲಿ ಮುದುಕಿಯರು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಆಡುವ ಮಾತು. ಹೊಸದೇನೂ ಇಲ್ಲ. ಆದರೆ ಹೇಳಿದ ಬಾಯಿ ಬೇರೆ. ಗದ್ದಲವೆದ್ದಿತು. ಹಂಸಲೇಖ ಕ್ಷಮೆ ಕೇಳಿದರು. ಆದರೂ ದೂರು ದಾಖಲಾಗಿ, ನವೆಂಬರ್ 25ರಂದು ಅವರು ಬಸವನಗುಡಿ ಪೊಲೀಸ್ ಠಾಣೆಗೆ ಹಾಜರಾಗಬೇಕಾಯಿತು. ಠಾಣೆಯ ಹೊರಗೆ ಪರ ವಿರೋಧದ ಜನ ಸೇರಿದ್ದರು.

ಎರಡನೆಯದು ಮುನವ್ವರ್ ಫಾರೂಕಿಯದು. ನವೆಂಬರ್ 28ರಂದು ನಗರದ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಅವನ ಹಾಸ್ಯ ಕಾರ್ಯಕ್ರಮ. ಆ ವರ್ಷದ ಮೊದಲ ದಿನವೇ, ಹೇಳದ ಜೋಕಿಗಾಗಿ ಇಂದೋರಿನಲ್ಲಿ ಬಂಧನಕ್ಕೊಳಗಾಗಿ, ಸುಪ್ರೀಂ ಕೋರ್ಟು ಜಾಮೀನು ಕೊಡುವವರೆಗೆ ತಿಂಗಳು ಮೇಲೆ ಜೈಲಿನಲ್ಲಿದ್ದ ಹುಡುಗ. ಅವನೇ ಹೇಳಿದ ಹಾಗೆ ಆರುನೂರಕ್ಕೂ ಮೇಲೆ ಟಿಕೆಟ್ ಹೋಗಿತ್ತು. ಬಂದ ಹಣ ಆಗಷ್ಟೇ ತೀರಿಕೊಂಡಿದ್ದ ಪುನೀತ್ ರಾಜ್‌ಕುಮಾರ್ ಹೆಸರಿನ ಸೇವೆಗೆ ಹೋಗಬೇಕಿತ್ತು. ಪೊಲೀಸರು ಸಂಘಟಕರಿಗೆ ಒಂದು ಕಾಗದ ಬರೆದರು. ಈತ ವಿವಾದದ ಮನುಷ್ಯ, ಗಲಾಟೆಯಾಗಬಹುದು, ಕಾರ್ಯಕ್ರಮ ರದ್ದು ಮಾಡುವುದು ಒಳ್ಳೆಯದು ಅಂತ ಸಲಹೆ ಕೊಟ್ಟರು. ಗಲಾಟೆ ಮಾಡುತ್ತೇವೆ ಅಂದವರಿಗೆ ಕಾಗದ ಹೋಗಲಿಲ್ಲ. ನಗಿಸುವವನ ಕಡೆಯವರಿಗೆ ಹೋಯಿತು.

ಮೂರನೆಯದು ಕುನಾಲ್ ಕಾಮ್ರಾನದು. ಡಿಸೆಂಬರ್ 1ರಂದು ಅವನು ತನ್ನ ಬೆಂಗಳೂರಿನ ಕಾರ್ಯಕ್ರಮಗಳೆಲ್ಲ ರದ್ದಾಗಿವೆ ಅಂತ ಪ್ರಕಟಿಸಿದ. ಜಾಗ ಕೊಟ್ಟವರಿಗೆ ಜಾಗವನ್ನೇ ಮುಚ್ಚಿಸುತ್ತೇವೆ ಅನ್ನುವ ಬೆದರಿಕೆ ಬಂದಿತ್ತು. ಮುಂದಿನ ವರ್ಷ 2022ರ ನವೆಂಬರಿನಲ್ಲಿ ಚೌಡಯ್ಯ ಸ್ಮಾರಕ ಭವನದಲ್ಲಿ ನಡೆಯಬೇಕಿದ್ದ ವೀರ್ ದಾಸ್ ಕಾರ್ಯಕ್ರಮಕ್ಕೂ ಇದೇ ಗತಿಯಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಈ ಕಾರ್ಯಕ್ರಮಗಳನ್ನು ಯಾವ ಕಾಯಿದೆಯ ಪ್ರಕಾರವೂ ನಿಷೇಧಿಸಲಿಲ್ಲ. 1876ರಲ್ಲಿ ಬ್ರಿಟಿಷರು, ಕಲ್ಕತ್ತೆಯ ರಂಗಭೂಮಿ ತಮ್ಮನ್ನು ಗೇಲಿ ಮಾಡುತ್ತಿದೆ ಅಂತ ಸಿಟ್ಟಾಗಿ ನಾಟಕ ಪ್ರದರ್ಶನ ಕಾಯಿದೆ ತಂದರು. ಆ ಕಾಯಿದೆಯನ್ನು ರದ್ದು ಮಾಡಿದ್ದು 2018ರಲ್ಲಿ. ಅದು ಸತ್ತ ಮೇಲೆ ಅದರ ಕೆಲಸವನ್ನು ಮಾಡಲು ಒಂದು ಕಾಗದ, ಒಂದು ಫೋನು, ಹತ್ತು ಜನರ ಗುಂಪು ಸಾಕಾಗಿದೆ. ಕಾಯಿದೆ ಇದ್ದಾಗ ಕೋರ್ಟಿಗೆ ಹೋಗಿ ವಾದ ಮಾಡಬಹುದಿತ್ತು. ಫೋನಿನ ಮೇಲೆ ಯಾವ ಕೋರ್ಟಿಗೆ ಹೋಗುವುದು?

ಇದೇ ನವೆಂಬರ್ ತಿಂಗಳು ನಮಗೆ ಹಳೆಯ ಇನ್ನೊಂದು ನವೆಂಬರನ್ನು ನೆನಪಿಗೆ ತರುತ್ತದೆ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಊರೂರು ಹೊತ್ತಿಕೊಂಡು ಉರಿಯಿತು, ದಲಿತ ವಿದ್ಯಾರ್ಥಿಗಳು ಹಾಸ್ಟೆಲುಗಳಲ್ಲಿ ಹೊಡೆತ ತಿಂದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಬೆಂಕಿಯಿಂದಲೇ ನಮ್ಮ ಚಳುವಳಿ ಎದ್ದಿತು. ಬಸವಲಿಂಗಪ್ಪನವರು ಮನರಂಜನೆಯವರಲ್ಲ, ಮಂತ್ರಿ. ಹಂಸಲೇಖ ಮಂತ್ರಿಯಲ್ಲ, ಮನರಂಜನೆಯವರು. ಆದರೆ ಇಬ್ಬರಿಗೂ ಸಿಕ್ಕ ಉತ್ತರ ಒಂದೇ: ‘ನಿನ್ನ ಕೆಲಸ ನೀನು ನೋಡಿಕೋ.’ ಹಾಗಾದರೆ ಜಾತಿಯ ಮಾತು ಯಾರ ಕೆಲಸ ಸ್ವಾಮಿ? ಮಂತ್ರಿಯದಲ್ಲ, ಹಾಡು ಕಟ್ಟುವವನದಲ್ಲ, ನಗಿಸುವವನದಲ್ಲ. ಅನುಭವಿಸುವವನದಂತೂ ಮೊದಲೇ ಅಲ್ಲ.

ಕನ್ನಡದ ಪ್ರೇಕ್ಷಕ ರಾಜಕೀಯವನ್ನು ಸಹಿಸುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಮಾಸ್ಟರ್ ಹಿರಣ್ಣಯ್ಯನವರನ್ನು ನೆನೆಯಿರಿ. 1934ರಲ್ಲಿ ಹುಟ್ಟಿ 2019ರ ಮೇ 2ರಂದು ತೀರಿಕೊಂಡ ಈ ಮನುಷ್ಯ, ಅಪ್ಪ ಕಟ್ಟಿದ ಮಿತ್ರ ಮಂಡಳಿಯನ್ನು ಹೊತ್ತುಕೊಂಡು ‘ಲಂಚಾವತಾರ’, ‘ನಡುಬೀದಿ ನಾರಾಯಣ’, ‘ಮಕ್ಮಲ್ ಟೋಪಿ’ಗಳನ್ನು ದಶಕಗಳ ಕಾಲ ಆಡಿದರು. ಬೆಳಗಿನ ಪೇಪರು ಸಂಜೆಯ ನಾಟಕದಲ್ಲಿ ಇರುತ್ತಿತ್ತು. ಮಂತ್ರಿಗಳನ್ನು ಹೆಸರು ಹಿಡಿದು ಜಾಡಿಸುತ್ತಿದ್ದರು. ಜನ ಟಿಕೆಟ್ ತಗೊಂಡು, ಕ್ಯೂ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ‘ನಾಟಕ ಆಡಪ್ಪ, ರಾಜಕೀಯ ಯಾಕೆ’ ಅಂತ ಎದ್ದುಹೋದವರ ಕಥೆ ನಾನು ಕೇಳಿಲ್ಲ. ರಾಜಕೀಯವೇ ಅವರ ಮಾಲು, ಜನ ಅದನ್ನೇ ಕೊಂಡರು.

ಹಿರಣ್ಣಯ್ಯನವರ ಎದೆಗಾರಿಕೆ ದೊಡ್ಡದು. ಅಧಿಕಾರದಲ್ಲಿ ಇದ್ದವರನ್ನು ಅವರ ಮುಖದೆದುರೇ ಬೈದವರು ಅವರು. ಅದನ್ನು ನಾವು ಕಡಿಮೆ ಮಾಡಬಾರದು. ಆದರೆ ವಿಮರ್ಶೆಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ನಾನು ಮೊಬೈಲಿನಲ್ಲಿ ‘ಲಂಚಾವತಾರ’ ನೋಡುವಾಗ ನಾಟಕದ ಜೊತೆಗೆ ನಗುವನ್ನೂ ಕೇಳಿಸಿಕೊಂಡೆ. ಆ ನಗು ಯಾರದು? ಸಭಾಂಗಣದಲ್ಲಿ ಕೂತವರಲ್ಲಿ ಲಂಚ ತಗೊಳ್ಳುವ ಗುಮಾಸ್ತರಿದ್ದರು, ಕೊಡುವ ಕಂಟ್ರಾಕ್ಟರುಗಳಿದ್ದರು. ಅವರೂ ನಕ್ಕರು. ನಕ್ಕು ಹಗುರಾಗಿ ಮನೆಗೆ ಹೋಗಿ, ಬೆಳಿಗ್ಗೆ ಆಫೀಸಿಗೆ ಹೋಗಿ ಡ್ರಾಯರು ಎಳೆದರು. ಯಾಕೆಂದರೆ ಆ ನಾಟಕ ತೋರಿಸುವ ಕಳ್ಳ ಯಾವಾಗಲೂ ಇನ್ನೊಬ್ಬ. ರಾಜಕಾರಣಿ ಅನ್ನುವ ಇನ್ನೊಬ್ಬ. ಭ್ರಷ್ಟಾಚಾರದ ಮೇಲಿನ ನಗು ಕೂತವನ ಕುರ್ಚಿಯನ್ನು ಅಲುಗಿಸುವುದಿಲ್ಲ. ಹಂಸಲೇಖ ಕೇಳಿದ ಪ್ರಶ್ನೆ ಕುರ್ಚಿಯನ್ನು ಅಲುಗಿಸಿತು. ಯಾಕೆ? ಅದು ವಿಧಾನಸೌಧದ ಪ್ರಶ್ನೆಯಲ್ಲ, ಅಡುಗೆಮನೆಯ ಪ್ರಶ್ನೆ. ನಿನ್ನ ತಟ್ಟೆಯಲ್ಲಿ ಏನಿದೆ, ನಿನ್ನ ಪಂಕ್ತಿಯಲ್ಲಿ ಯಾರಿದ್ದಾರೆ ಅಂತ ಕೇಳುವ ಪ್ರಶ್ನೆ. ಇದಕ್ಕೆ ‘ಇನ್ನೊಬ್ಬ’ ಸಿಗುವುದಿಲ್ಲ.

ಆದ್ದರಿಂದ ದುಡ್ಡು ಕೊಟ್ಟ ಪ್ರೇಕ್ಷಕನಿಗೆ ರಾಜಕೀಯ ಬೇಡ ಅನ್ನಬೇಡಿ. ಅವನಿಗೆ ತನ್ನನ್ನು ಬಿಟ್ಟು ಮಿಕ್ಕವರ ರಾಜಕೀಯ ಬೇಕು. 2019ರಲ್ಲಿ ಮಂಡ್ಯದ ಬಿಸಿಲಲ್ಲಿ ದರ್ಶನ್, ಯಶ್ ಸುಮಲತಾ ಪರವಾಗಿ ಜೋಡೆತ್ತುಗಳಾಗಿ ಓಡಾಡಿದರು. 2023ರಲ್ಲಿ ಸುದೀಪ್ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಪರವಾಗಿ ನಿಂತರು. ಎದುರು ಪಕ್ಷದವರು ಬೈದರು, ಅಭಿಮಾನಿಗಳು ಶಿಳ್ಳೆ ಹೊಡೆದರು. ಅದಕ್ಕೂ ಮೊದಲು 1982ರಲ್ಲಿ ರಾಜ್‌ಕುಮಾರ್ ಗೋಕಾಕ್ ಚಳುವಳಿಗೆ ಇಳಿದಾಗ ಊರಿಗೆ ಊರೇ ಬೀದಿಗೆ ಬಂದಿತು. ‘ಅಣ್ಣಾವ್ರೇ, ನೀವು ಪಿಚ್ಚರು ಮಾಡಿ ಸಾಕು’ ಅಂತ ಆ ಜನಸಾಗರ ಹೇಳಲಿಲ್ಲ. ಭಾಷೆಗೆ ಬಾಯಿ ಬಿಡಬಹುದು, ವೋಟಿಗೆ ಬಾಯಿ ಬಿಡಬಹುದು. ಜಾತಿಗೆ ಬಾಯಿ ಬಿಟ್ಟರೆ ಮಾತ್ರ ‘ನಿನ್ನ ಕೆಲಸ ನೋಡು.’

ಈ ‘ನಿನ್ನ ಕೆಲಸ ನೋಡು’ ಅನ್ನುವ ಮಾತು ನನಗೆ ಹೊಸದಲ್ಲ. ನಮ್ಮ ಮನೆಗೆ ಅದು ತಲೆತಲಾಂತರದ ನೆಂಟ.

ನಮ್ಮಪ್ಪ ಊರಿನಲ್ಲಿ ತಮಟೆ ಬಡಿಯುತ್ತಿದ್ದರು. ಅವರಪ್ಪನೂ ಬಡಿಯುತ್ತಿದ್ದರು. ಜಾತ್ರೆ, ಸಾವು, ದೇವರ ಮೆರವಣಿಗೆ, ಯಾವುದಕ್ಕೂ ತಮಟೆ ಇಲ್ಲದೆ ಆಗದು. ತಮಟೆ ಬಡಿಯುವವನನ್ನು ಒಳಗೆ ಬಿಟ್ಟರೂ ಆಗದು. ಮೆರವಣಿಗೆ ದೊಡ್ಡವರ ಮನೆ ಮುಂದೆ ನಿಂತಾಗ ಜಗಲಿಯ ಮೇಲಿಂದ ನಾಣ್ಯ ಎಸೆಯುತ್ತಿದ್ದರು. ಬಡಿತ ನಿಲ್ಲಿಸದೆ ಬಗ್ಗಿ, ಬಾಯಲ್ಲೋ ಕೈಯಲ್ಲೋ ಎತ್ತಿಕೊಳ್ಳಬೇಕು. ಅದೂ ಒಂದು ಕಲೆ, ಜನ ನೋಡಿ ನಗುತ್ತಿದ್ದರು. ಒಂದು ವರ್ಷ ನಮ್ಮಪ್ಪ ಬಗ್ಗಲಿಲ್ಲ. ತಮಟೆಯನ್ನು ಕಂಕುಳಿಗೆ ಸಿಕ್ಕಿಸಿ, ಕೈ ಮುಂದೆ ಚಾಚಿ ಅಂದರಂತೆ: ‘ಕೈಗೆ ಕೊಡಿ ಸ್ವಾಮಿ.’

ಅಷ್ಟೇ. ಮೂರೇ ಮೂರು ಮಾತು. ಅದರಲ್ಲಿ ಬೈಗುಳ ಇರಲಿಲ್ಲ, ಘೋಷಣೆ ಇರಲಿಲ್ಲ, ‘ಸ್ವಾಮಿ’ ಅನ್ನುವ ಮರ್ಯಾದೆಯೂ ಇತ್ತು. ಜಗಲಿಯ ಮೇಲಿಂದ ಬಂದ ಉತ್ತರ: ‘ಕಾಸು ಬಿದ್ದಿದೆ, ಬಾರ್ಸು. ಮಾತು ಯಾಕೆ?’ ಮುಂದಿನ ವರ್ಷ ಪಕ್ಕದ ಊರಿನ ತಮಟೆಯವರನ್ನು ಕರೆಸಿದರು. ಅದರ ಮುಂದಿನ ವರ್ಷ ನಮ್ಮಪ್ಪ ಅವ್ವನನ್ನು ಕರೆದುಕೊಂಡು ಮೆಜೆಸ್ಟಿಕ್ಕಿನಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ಪೀಣ್ಯಕ್ಕೆ ಬಂದು ಹೆಲ್ಪರ್ ಕೆಲಸಕ್ಕೆ ಸೇರಿದರು. ನಾನು ಹುಟ್ಟಿದ್ದು ರಾಜಗೋಪಾಲನಗರದ ಶೀಟು ಮನೆಯಲ್ಲಿ. ನಾನು ಬಿ.ಎ. ಓದಿದ್ದು ಆ ಮೂರು ಮಾತಿನ ದೆಸೆಯಿಂದ.

ಈಗ ಹೇಳಿ. ಕಾಸು ಕೊಟ್ಟ ಪ್ರೇಕ್ಷಕರ ಮುಂದೆ ಒಬ್ಬ ಮನರಂಜಕ ಆಡಿದ ರಾಜಕೀಯ ಅಭಿಪ್ರಾಯ ಇದಲ್ಲವೇ? ಅವನ ಕಾರ್ಯಕ್ರಮ ರದ್ದಾಗಲಿಲ್ಲವೇ? ‘ಕಾಸು ಬಿದ್ದಿದೆ, ಬಾರ್ಸು’ ಅಂದ ಆ ಜಗಲಿಯ ದನಿಗೂ, ಇವತ್ತು ಸಭಾಂಗಣದಲ್ಲಿ ಕೂತು ‘ಟಿಕೆಟ್ ತಗೊಂಡಿದ್ದೀವಿ, ನಗಿಸು, ರಾಜಕೀಯ ಬೇಡ’ ಅನ್ನುವ ದನಿಗೂ ಏನು ವ್ಯತ್ಯಾಸ? ಟಿಕೆಟ್ಟು ಅನ್ನುವುದು ಮಾರುಕಟ್ಟೆಯ ವ್ಯವಹಾರ, ಅಲ್ಲಿ ಇಬ್ಬರೂ ಸಮಾನರು ಅಂತ ಅರ್ಥಶಾಸ್ತ್ರದ ಪುಸ್ತಕ ಹೇಳುತ್ತದೆ. ಆದರೆ ನಮ್ಮ ದೇಶದಲ್ಲಿ ಟಿಕೆಟ್ಟಿನ ಬೆನ್ನ ಮೇಲೆ ಜಗಲಿ ಕೂತಿದೆ. ದುಡ್ಡು ಕೊಟ್ಟವನು ತಾನು ಕೊಂಡದ್ದು ಎರಡು ಗಂಟೆಯ ಕಲೆಯನ್ನು ಅಂತ ತಿಳಿಯುವುದಿಲ್ಲ, ಕಲಾವಿದನ ನಾಲಿಗೆಯನ್ನೇ ಕೊಂಡೆ ಅಂತ ತಿಳಿಯುತ್ತಾನೆ. ಈ ಯಜಮಾನಿಕೆಯ ಮನಸ್ಸನ್ನು ಗುರುತಿಸದೆ ಬರೀ ‘ಅಭಿವ್ಯಕ್ತಿ ಸ್ವಾತಂತ್ರ್ಯ’ ಅಂತ ಕೂಗಿದರೆ ರೋಗಕ್ಕೆ ಹೆಸರು ಕೊಟ್ಟಂತೆಯೂ ಆಗುವುದಿಲ್ಲ.

ಹಾಗಂತ ವೇದಿಕೆಯ ಮೇಲೆ ನಿಂತ ಪ್ರತಿಯೊಬ್ಬನೂ ನಮ್ಮಪ್ಪನ ತಮ್ಮನೇ? ಇಲ್ಲ. ಇಲ್ಲಿ ನಾವು ಕಣ್ಣು ಬಿಟ್ಟು ನೋಡಬೇಕು.

ಒಮ್ಮೆ ಕಾಲೇಜಿನ ಗೆಳೆಯನೊಬ್ಬ ಟಿಕೆಟ್ ತೆಗೆಸಿ ನನ್ನನ್ನು ಪೇಟೆಯ ಆ ಕಡೆಯ ಒಂದು ಹಾಸ್ಯ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದ. ಟಿಕೆಟ್ಟಿನ ಬೆಲೆ ನಮ್ಮವ್ವನ ಒಂದು ದಿನದ ಗಾರ್ಮೆಂಟ್ಸ್ ಕೂಲಿಗಿಂತ ಜಾಸ್ತಿ. ನಗಿಸುವವನು ಜಾಣ. ದೇಶ ಆಳುವವರನ್ನು ಹಿಗ್ಗಾಮುಗ್ಗಾ ಜಾಡಿಸಿದ, ನಾನು ಮನಸಾರೆ ಚಪ್ಪಾಳೆ ಹೊಡೆದೆ. ಆಮೇಲೆ ಕೂತವರನ್ನು ಒಬ್ಬೊಬ್ಬರನ್ನಾಗಿ ಎಲ್ಲಿಂದ ಬಂದಿರಿ ಅಂತ ಕೇಳುತ್ತಾ ಬಂದ. ನಾನು ‘ರಾಜಗೋಪಾಲನಗರ’ ಅಂದೆ. ಗೊತ್ತಾಗಲಿಲ್ಲ. ‘ಪೀಣ್ಯ ಹತ್ರ’ ಅಂದೆ. ‘ಓ, ಇಲ್ಲಿಗೆ ಬರೋಕೆ ವೀಸಾ ಕೊಟ್ರಾ?’ ಅಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಆ ಕುರ್ಚಿಗಳನ್ನು, ಆ ಮೈಕಿನ ಸ್ಟ್ಯಾಂಡನ್ನು, ಅವರು ಬಂದ ಕಾರುಗಳ ಬಿಡಿಭಾಗಗಳನ್ನು ಮಾಡಿದ ಜಾಗ ಅವರಿಗೆ ಪರದೇಶ. ಅವನ ರಾಜಕೀಯ ಅಭಿಪ್ರಾಯ ಸರಿಯಾಗಿಯೇ ಇತ್ತು, ಅವನ ನಗು ಮಾತ್ರ ಜಗಲಿಯ ಮೇಲಿತ್ತು. ಎರಡೂ ಒಂದೇ ಬಾಯಲ್ಲಿ ಇರಬಹುದು ಅನ್ನುವುದನ್ನು ನಮ್ಮ ಪ್ರಗತಿಪರ ಗೆಳೆಯರು ಒಪ್ಪಲು ಹಿಂಜರಿಯುತ್ತಾರೆ.

ಉಪೇಂದ್ರ ಅವರ ಉದಾಹರಣೆ ಇನ್ನೂ ಸ್ಪಷ್ಟ. ಸಿನಿಮಾದಲ್ಲಿ ಅಭಿಪ್ರಾಯ ಹೇಳುವುದನ್ನೇ ಶೈಲಿ ಮಾಡಿಕೊಂಡವರು. ಪ್ರಜಾಕೀಯ ಅಂತ ಪಕ್ಷ ಕಟ್ಟಿದರು, 2024ರ ಕೊನೆಯಲ್ಲಿ ‘ಯುಐ’ ಅಂತ ಪಿಚ್ಚರು ಮಾಡಿ ಟಿಕೆಟ್ ಕೊಂಡವರಿಗೆ ದೇಶದ ರಾಜಕೀಯದ ಬಗ್ಗೆ ಪಾಠ ಹೇಳಿದರು. ಯಾರೂ ‘ಪಾಠ ಬೇಡ’ ಅನ್ನಲಿಲ್ಲ, ಬೇಕಾದವರು ನೋಡಿದರು. ಸರಿಯೇ. ಆದರೆ 2023ರ ಆಗಸ್ಟಿನಲ್ಲಿ ಫೇಸ್‌ಬುಕ್ಕಿನ ನೇರ ಮಾತಿನಲ್ಲಿ, ತಮ್ಮನ್ನು ಟೀಕೆ ಮಾಡುವವರ ವಿಷಯ ಬಂದಾಗ, ಊರು ಅಂದ ಮೇಲೆ ಹೊಲಗೇರಿ ಇದ್ದೇ ಇರುತ್ತದೆ ಅನ್ನುವ ಹಳೇ ಗಾದೆ ಅವರ ಬಾಯಿಂದ ಬಂದಿತು. ವ್ಯವಸ್ಥೆಯನ್ನೇ ಬದಲಿಸುತ್ತೇನೆ ಅಂದವರ ನಾಲಿಗೆಯ ಕೆಳಗೆ ವ್ಯವಸ್ಥೆಯೇ ಮಲಗಿತ್ತು. ಪ್ರತಿಭಟನೆಯಾಯಿತು, ಅವರು ವಿಡಿಯೋ ತೆಗೆದು ಕ್ಷಮೆ ಕೇಳಿದರು, ಅಟ್ರಾಸಿಟಿ ಕಾಯಿದೆಯಲ್ಲಿ ಕೇಸು ಬಿತ್ತು, ಹೈಕೋರ್ಟು ತಡೆ ಕೊಟ್ಟಿತು.

ಆಗ ಕೆಲವರು ನಮ್ಮನ್ನು ಕೇಳಿದರು: ‘ಫಾರೂಕಿಗೆ ಸ್ವಾತಂತ್ರ್ಯ ಬೇಕು ಅಂತೀರಿ, ಉಪೇಂದ್ರನ ಮೇಲೆ ಕೇಸು ಹಾಕ್ತೀರಿ. ನಿಮ್ಮದೂ ಅದೇ ಕಥೆ ಅಲ್ವಾ?’ ಈ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳಬಾರದು, ಎದುರಿಗೇ ನಿಂತು ಉತ್ತರ ಹೇಳಬೇಕು. ಒಂದು: ಮೇಲಿದ್ದವನನ್ನು ಗೇಲಿ ಮಾಡುವುದು ಬೇರೆ, ಕೆಳಗಿದ್ದವನ ಹುಟ್ಟನ್ನೇ ಬೈಗುಳ ಮಾಡುವುದು ಬೇರೆ. ಗಾದೆ ಅನ್ನುವುದು ಮುಗ್ಧ ಮಾತಲ್ಲ. ಸಾವಿರ ಸಲ ಆಡಿ ಆಡಿ ನುಣುಪಾದ ಕಲ್ಲು ಅದು. ಎರಡು: ಕಾಯಿದೆಯ ಕಟಕಟೆ ಬೇರೆ, ಬೀದಿಯ ಬೆದರಿಕೆ ಬೇರೆ. ಉಪೇಂದ್ರ ಕೋರ್ಟಿಗೆ ಹೋಗಿ ತಡೆ ತಂದರು. ಫಾರೂಕಿಯ ಸಭಾಂಗಣದ ಬೀಗಕ್ಕೆ ತಡೆ ತರುವ ಜಾಗವೇ ಇರಲಿಲ್ಲ. ಮೂರು, ಇದು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು: ಕೇಸು ಹಾಕಿದ ಮಾತ್ರಕ್ಕೆ ಗಾದೆ ಸಾಯುವುದಿಲ್ಲ. ಆ ಗಾದೆಯನ್ನು ಬಾಯಿಗೆ ತರಲು ಅಭಿಮಾನಿಯೂ ನಾಚುವಂಥ ಪದ್ಯವನ್ನು, ನಾಟಕವನ್ನು, ನಗೆಯನ್ನು ನಾವು ಮಾಡಿದ್ದೇವೆಯೇ? ಠಾಣೆಯ ಮೆಟ್ಟಿಲು ಹತ್ತುವ ಉತ್ಸಾಹದ ಅರ್ಧದಷ್ಟಾದರೂ ವೇದಿಕೆಯ ಮೆಟ್ಟಿಲು ಹತ್ತುವುದರಲ್ಲಿ ನಮಗಿದೆಯೇ? ನಾಳೆ ಉಪೇಂದ್ರರ ಪಿಚ್ಚರನ್ನೇ ನಿಲ್ಲಿಸಬೇಕು ಅಂತ ಯಾರಾದರೂ ಕಲ್ಲು ಹಿಡಿದು ಬಂದರೆ, ನಾವು ಅವರ ಜೊತೆ ನಿಲ್ಲಬಾರದು ಅನ್ನುವುದು ನನ್ನ ಅಭಿಪ್ರಾಯ. ಇವತ್ತು ಅವರ ತೆರೆಗೆ ಬಿದ್ದ ಕಲ್ಲು ನಾಳೆ ನಮ್ಮ ಶಾಮಿಯಾನಕ್ಕೆ ಬೀಳುತ್ತದೆ, ಮತ್ತು ನಮ್ಮ ಶಾಮಿಯಾನ ತೆಳ್ಳಗಿದೆ.

ಎಷ್ಟು ತೆಳ್ಳಗೆ ಅಂದರೆ, ಮಹಾರಾಷ್ಟ್ರದ ಕಬೀರ್ ಕಲಾ ಮಂಚ್ ಕಡೆ ನೋಡಿ. ಡಫ್ ಹಿಡಿದು ಜಾತಿಯ ವಿರುದ್ಧ ಹಾಡುತ್ತಿದ್ದ ಬಡ ಹುಡುಗ ಹುಡುಗಿಯರ ತಂಡ. ಟಿಕೆಟ್ ಇಲ್ಲ, ಸಭಾಂಗಣ ಇಲ್ಲ. ಅವರ ಮೇಲೆ ನಕ್ಸಲ ನಂಟಿನ ಆರೋಪ ಬಂದಿತು. ಶೀತಲ್ ಸಾಠೆ 2013ರ ಏಪ್ರಿಲ್ಲಿನಲ್ಲಿ ಮುಂಬಯಿಯ ವಿಧಾನಭವನದ ಮುಂದೆ ಬಂದು ತಾನಾಗಿ ಪೊಲೀಸರಿಗೆ ಒಪ್ಪಿಸಿಕೊಂಡಾಗ ತುಂಬು ಗರ್ಭಿಣಿ. 2020ರಲ್ಲಿ ಅದೇ ತಂಡದ ಮೂವರನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿಸಿದರು. ತಮಿಳುನಾಡಿನಲ್ಲಿ ಕೋವನ್ ಅನ್ನುವ ಹಾಡುಗಾರ, ಸರ್ಕಾರದ ಸಾರಾಯಿ ಅಂಗಡಿಗಳ ವಿರುದ್ಧ ಹಾಡಿದ್ದಕ್ಕೆ 2015ರಲ್ಲಿ ರಾಜದ್ರೋಹದ ಆರೋಪ ಹೊತ್ತು ಜೈಲು ಕಂಡ. ಟಿಕೆಟ್ಟಿನ ಹಾಸ್ಯಗಾರನಿಗೆ ಕಾರ್ಯಕ್ರಮ ರದ್ದು. ಡಫ್ಫಿನ ಹಾಡುಗಾರನಿಗೆ ಜೈಲು. ಫಾರೂಕಿ ಎರಡನ್ನೂ ಕಂಡ, ಅವನ ಹೆಸರೇ ಅದಕ್ಕೆ ಕಾರಣ. ಇಂಗ್ಲಿಷ್ ಪತ್ರಿಕೆಗಳು ರದ್ದಾದ ಕಾರ್ಯಕ್ರಮಕ್ಕೆ ಮರುಗಿದಷ್ಟು ಡಫ್ಫಿಗೆ ಮರುಗಲಿಲ್ಲ. ನೋವಿನಲ್ಲೂ ಮೊದಲ ಸಾಲು, ಹಿಂದಿನ ಸಾಲು ಅಂತ ಇದೆ.

ಹಾಗಾದರೆ ಕಾಸು ಕೊಡುವುದಕ್ಕೆ ಜಗಲಿ ಮತ್ತು ಟಿಕೆಟ್ಟು, ಇವೆರಡೇ ದಾರಿಯೇ? ಮೂರನೆಯದು ಇತ್ತು. 1975ರಲ್ಲಿ ಹುಟ್ಟಿದ ‘ಸಮುದಾಯ’ದವರು 1978ರಲ್ಲಿ ‘ಬೆಲ್ಚಿ’ ಬೀದಿನಾಟಕ ಆಡಿದರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಕೊಂದು ಸುಟ್ಟದ್ದರ ಕಥೆ. ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶನ. ರಸ್ತ ಮಧ್ಯದಲ್ಲಿ ಆಡಿ, ಕೊನೆಗೆ ಟವೆಲು ಹಿಡಿಯುವುದು ಬೀದಿನಾಟಕದ ಪದ್ಧತಿ. ಟವೆಲಿನ ಕಾಸು ವಿಚಿತ್ರದ್ದು. ನೋಡಿದ ಮೇಲೆ ಬೀಳುತ್ತದೆ, ಮೊದಲಲ್ಲ. ಎಷ್ಟು ಅಂತ ಯಾರೂ ಕೇಳುವುದಿಲ್ಲ. ಹಾಕಿದವನು ‘ನಾನು ಕೊಟ್ಟಿದ್ದೇನೆ, ನನಗೆ ಬೇಕಾದ್ದು ಹೇಳು’ ಅನ್ನುವಂತಿಲ್ಲ, ಯಾಕೆಂದರೆ ಹೇಳುವುದು ಆಗಲೇ ಹೇಳಿ ಆಗಿದೆ. ಅದು ಕೂಲಿಯಲ್ಲ, ಭಿಕ್ಷೆಯಲ್ಲ. ಹೇಳಿದ್ದರಲ್ಲಿ ನನ್ನದೂ ಒಂದು ಪಾಲು ಇರಲಿ ಅನ್ನುವ ಕಾಸು. ಆದರೆ ಇಲ್ಲೂ ಒಂದು ತೊಡಕಿದೆ. ಟವೆಲಿನ ಕಾಸಿನಲ್ಲಿ ಮನೆ ಬಾಡಿಗೆ ಕಟ್ಟಲಾಗದು. ಬೀದಿನಾಟಕ ಆಡುವವನಿಗೆ ಸಂಬಳದ ಕೆಲಸ ಬೇಕು, ಭಾನುವಾರದ ಬಿಡುವು ಬೇಕು. ಪೀಣ್ಯದ ಹುಡುಗನಿಗೆ ಭಾನುವಾರವೂ ಒಟಿ ಇರುತ್ತದೆ. ಅವನು ಕಲಾವಿದನಾಗಬೇಕಾದರೆ ಯಾರಾದರೂ ಕಾಸು ಕೊಡಲೇಬೇಕು. ಕೊಟ್ಟವನು ಯಜಮಾನನಾಗದಂತೆ ಕೊಡುವುದು ಹೇಗೆ ಅನ್ನುವುದೇ ನಿಜವಾದ ಪ್ರಶ್ನೆ.

2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆಯ ಹಿರಿಯರು ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಿತು. ಟೀವಿಯಲ್ಲಿ ನೋಡುತ್ತಿದ್ದ ನಮ್ಮಪ್ಪ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅಂದರು: ‘ಕೈಗೇ ಕೊಟ್ರು ನೋಡು.’ ಪ್ರಶಸ್ತಿಯ ಹೆಸರು ಅವರಿಗೆ ಮುಖ್ಯವಾಗಲಿಲ್ಲ. ಕೈಗೆ ಕೊಟ್ಟದ್ದು ಮುಖ್ಯವಾಯಿತು. ನನಗೆ ಇನ್ನೊಂದು ಆಸೆ ಉಳಿಯಿತು. ಕೈಗೆ ಕೊಟ್ಟವರು, ಅಷ್ಟು ವರ್ಷ ಸಾವಿನ ಮುಂದೆ, ದೇವರ ಮುಂದೆ, ಜಗಲಿಯ ಮುಂದೆ ತಮಟೆ ಬಡಿದ ಮನುಷ್ಯನನ್ನು ‘ಅಯ್ಯಾ, ಈ ಊರಿನ ಬಗ್ಗೆ ನಿನ್ನ ಅಭಿಪ್ರಾಯ ಏನು?’ ಅಂತ ಕೂಡ ಕೇಳಬೇಕು. ಎಲ್ಲ ಮನೆಗಳ ಮುಂದೆ ನಿಂತು ನೋಡಿದವನು ಅವನೊಬ್ಬನೇ. ಕಲೆಯನ್ನು ಗೌರವಿಸಿ ಕಲಾವಿದನ ಬಾಯಿಗೆ ಬಟ್ಟೆ ಕಟ್ಟುವುದು ನಮ್ಮ ಸಂಸ್ಕೃತಿಯ ಹಳೇ ಚಾಳಿ.

ಈ ವರ್ಷದ ಜಯಂತಿಗೆ ಮತ್ತೆ ನನ್ನನ್ನು ಕರೆದಿದ್ದರು. ಹೋದೆ. ಹೋಗುವ ಮೊದಲು, ಹೋದ ವರ್ಷ ಕೂಗಿದವನನ್ನು ಹುಡುಕಿ ಮಾತಾಡಿಸಿದೆ. ಅವನು ಡೈ ಕಾಸ್ಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ಟೀ ಕುಡಿಯುತ್ತಾ ಅಂದ: ‘ಬೇಜಾರು ಮಾಡ್ಕೊಬೇಡ ಗುರೂ. ಹನ್ನೆರಡು ಗಂಟೆ ಮೆಷಿನ್ ಮುಂದೆ ನಿಂತು ಬಂದಿರ್ತೀವಿ. ಅಲ್ಲಿ ಕೈ ಸುಡೋದು ನೋಡಿ, ಇಲ್ಲೂ ಬಂದು ಕೈ ಸುಡೋದೇ ಕೇಳ್ಬೇಕಾ?’ ನನಗೆ ಉತ್ತರ ಹೊಳೆಯಲಿಲ್ಲ. ಅವನ ಮಾತಿನಲ್ಲಿ ಜಗಲಿ ಇರಲಿಲ್ಲ, ದಣಿವು ಇತ್ತು. ಜಗಲಿಯ ಮೇಲಿನವನ ‘ಮಾತು ಯಾಕೆ’ಗೂ ಇವನ ‘ಭಾಷಣ ಸಾಕು’ಗೂ ಒಂದೇ ಉತ್ತರ ಕೊಡುವ ಲೇಖಕ ಮೂರ್ಖ. ಮೇಲಿನವನಿಗೆ ನಾವು ಹೆದರದೆ ಹೇಳಬೇಕು, ಇವನಿಗೆ ದಣಿವು ಆರುವ ಹಾಗೆ ಹೇಳಬೇಕು. ನಮ್ಮ ಸಿದ್ದಲಿಂಗಯ್ಯನವರಿಗೆ ಈ ಗುಟ್ಟು ಗೊತ್ತಿತ್ತು. ಅವರು ಭಾಷಣಕ್ಕೆ ನಿಂತರೆ ಜನ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು, ಮನೆಗೆ ಹೋದ ಮೇಲೆ ಕಣ್ಣೀರು ಯಾತಕ್ಕೆ ಬಂತು ಅಂತ ಯೋಚಿಸುತ್ತಿದ್ದರು. ಬಂಡಾಯ ಅಂದರೆ ಗಂಟಲು ಹರಿಯುವುದು ಮಾತ್ರ ಅಂತ ತಿಳಿದ ನಾವು, ಅವರ ನಗುವನ್ನು ಸಾಲದೆಂದು ಬಿಟ್ಟುಬಿಟ್ಟೆವು. ಆ ಜಾಗವನ್ನು ಆರ್ಕೆಸ್ಟ್ರಾದವರು ಮತ್ತು ಶಾಮಿಯಾನದ ಯಜಮಾನರು ಹಿಡಿದುಕೊಂಡರು.

ಈ ವರ್ಷ ನಾನು ಪದ್ಯ ಓದಲಿಲ್ಲ. ನಮ್ಮಪ್ಪನ ತಮಟೆಯ ಕಥೆ ಹೇಳಿದೆ, ಜಗಲಿಯವನು ಮಾತಾಡುವ ರೀತಿಯಲ್ಲೇ ಮಾತಾಡಿ ತೋರಿಸಿದೆ. ಜನ ನಕ್ಕರು. ‘ಕೈಗೆ ಕೊಡಿ ಸ್ವಾಮಿ’ ಅನ್ನುವ ಜಾಗಕ್ಕೆ ಬಂದಾಗ ಯಾರೂ ನಗಲಿಲ್ಲ. ಕೆಳಗಿಳಿದಾಗ ಕಮಿಟಿಯವರು ಒಂದು ಕವರು ಕೊಟ್ಟರು, ಒಳಗೆ ಇನ್ನೂರು ರೂಪಾಯಿ. ಡೈ ಕಾಸ್ಟಿಂಗ್ ಶೆಡ್ಡಿನವನು ಪಕ್ಕದಲ್ಲೇ ನಿಂತಿದ್ದ. ‘ಕೈಗೇ ಕೊಟ್ಟಿದ್ದಾರಲ್ಲ ಗುರೂ, ಇಸ್ಕೊ’ ಅಂದ.

ಇಸ್ಕೊಂಡೆ.